ಕಾಕಾನ ಬೋಳ ಗಾಡಿ, ಅಳಿಯನ ಹೊಸ ಕಾರು

ನಾನು ಯಾರ ಕಾರಿನಲ್ಲಿ ಕೂತರೂ ಬಲಗಾಲಿನಿಂದ ಬ್ರೇಕ್ ಒತ್ತುತ್ತೇನೆ. ಕಾರು ನನ್ನದಲ್ಲ, ಓಡಿಸುವವನು ನಾನಲ್ಲ, ನಾನು ಕೂತ ಕಡೆ ಬ್ರೇಕ್ ಎಂಬುದೇ ಇರುವುದಿಲ್ಲ. ಆದರೂ ಎದುರಿಗೆ ಒಂದು ಎಮ್ಮೆ ಕಂಡರೆ ಸಾಕು, ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳದೆ ಕೆಳಗಿನ ಮ್ಯಾಟನ್ನು ಒತ್ತಿ ಹಿಡಿಯುತ್ತದೆ. ಹೆಂಡತಿ ಇದನ್ನು ರೋಗ ಎಂದೇ ತಿಳಿದಿದ್ದಾಳೆ. ಅಳಿಯ ವಿನಯ ಹುಬ್ಬಳ್ಳಿಯಲ್ಲಿ ಎಲುಬಿನ ಡಾಕ್ಟರ್. ಅವನು ಮಾತ್ರ, "ಇರ್ಲಿ ಬಿಡ್ರಿ ಮಾವಾರ, ಮೊಣಕಾಲಿಗೆ ಛಲೋ ವ್ಯಾಯಾಮ" ಎಂದು ನಗುತ್ತಾನೆ.

ಈ ರೋಗ ನನಗೆ ಎಲ್ಲಿ ಹತ್ತಿತು ಎಂಬುದು ನನಗೆ ಚೆನ್ನಾಗಿ ಗೊತ್ತು. ಎಂಟನೆಯ ವಯಸ್ಸಿನಲ್ಲಿ, ಅಣ್ಣಿಗೇರಿಯಿಂದ ನವಲಗುಂದಕ್ಕೆ ಹೋಗುವ ರಸ್ತೆಯಲ್ಲಿ, ಗುರುಸಿದ್ದಪ್ಪ ಕಾಕಾನ ಬೋಳ ಗಾಡಿಯಲ್ಲಿ. ಆಗ ನನ್ನ ಕಾಲು ಕೆಳಗೆ ಮುಟ್ಟುತ್ತಲೂ ಇರಲಿಲ್ಲ. ಗಾಳಿಯಲ್ಲೇ ಬ್ರೇಕ್ ಒತ್ತುತ್ತಿದ್ದೆ.

ಕಾಕಾ ನಮ್ಮಪ್ಪನ ಕೊನೆಯ ತಮ್ಮ, ನನಗಿಂತ ಹದಿನೇಳು ವರ್ಷ ದೊಡ್ಡವ. ನಮ್ಮ ಮನೆಯ ಮಕ್ಕಳಾರೂ ಅವನನ್ನು ಬಹುವಚನದಲ್ಲಿ ಕರೆದವರಲ್ಲ. ಈಗ ಎಪ್ಪತ್ತೊಂಬತ್ತರ ಮುದುಕನಿಗೆ ಹೊಸದಾಗಿ ಮರ್ಯಾದೆ ಕೊಡಲು ಹೋದರೆ, "ಯಾಕಲೇ ಶಿವ್ಯಾ, ನಾ ಏನ್ ತಪ್ಪ ಮಾಡೀನಿ?" ಎಂದು ಕೇಳುತ್ತಾನೆ. ಆದ್ದರಿಂದ ಇಲ್ಲಿಯೂ ಏಕವಚನವೇ ಇರಲಿ.

ನಮ್ಮದು ಹತ್ತಿ ವ್ಯಾಪಾರದ ಮನೆತನ. ಅಪ್ಪ ಊರ ಹೊರಗಿನ ಜಿನ್ನಿಂಗ್ ಕಾರ್ಖಾನೆ ನೋಡಿಕೊಂಡರೆ, ಕಾಕಾ ಹಳ್ಳಿ ಹಳ್ಳಿ ಸುತ್ತಿ ಹತ್ತಿ ನೋಡಿ ಬರಬೇಕು. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಕಣ್ಣು ಮುಚ್ಚಿಯೇ ಎಳೆಯ ಉದ್ದ ಹೇಳಿಬಿಡುತ್ತಿದ್ದ. ಈ ಸುತ್ತಾಟಕ್ಕೆ ಒಂದು ಜೀಪು ತಗೋ ಎಂದು ಮನೆಯವರು ಹೇಳಿ ಹುಬ್ಬಳ್ಳಿಗೆ ಕಳಿಸಿದರು. ಕಾಕಾ ತಂದದ್ದು ಕೆಂಪು ಬಣ್ಣದ, ಎರಡೇ ಸೀಟಿನ, ವಿಲಾಯತಿಯಲ್ಲಿ ಹುಟ್ಟಿದ ಒಂದು ಸ್ಪೋರ್ಟ್ಸ್ ಕಾರು. ಯಾವುದೋ ಮಿಲ್ಲಿನ ಬಿಳಿಯ ಮ್ಯಾನೇಜರ್ ದೇಶ ಬಿಡುವಾಗ ಇಲ್ಲೇ ಬಿಟ್ಟುಹೋದದ್ದಂತೆ. ಅಜ್ಜ ಬಾಗಿಲಿಗೆ ಬಂದು, ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಒಂದೇ ಪ್ರಶ್ನೆ ಕೇಳಿದರು: "ಇದರಾಗ ಹತ್ತಿ ಅಂಡಗಿ ಎಲ್ಲಿ ಇಡ್ತಿಯೋ?"

ಅದಕ್ಕೊಂದು ಕ್ಯಾನ್ವಾಸಿನ ಚಾವಣಿ ಇತ್ತು. ಮೊದಲ ಮಳೆಗಾಲದಲ್ಲೇ ಕಾರ್ಖಾನೆಯ ಇಲಿಗಳು ಅದನ್ನು ತಿಂದು ಮುಗಿಸಿದವು. ಕಾಕಾ ಹೊಸದು ಹೊಲಿಸಲಿಲ್ಲ. ಅಂದಿನಿಂದ ಊರವರು ಅದನ್ನು ಬೋಳ ಗಾಡಿ ಎಂದು ಕರೆದರು. ಮುಂದೆ ಕಾಕಾ ಮದುವೆಯಾದ ಮೇಲೆ ನೀಲಕ್ಕ ಚಿಗವ್ವ ಮಳೆಯಲ್ಲಿ ಛತ್ರಿ ಹಿಡಿದು ಕೂರುತ್ತಿದ್ದಳು. ಗಾಡಿ ಓಟಕ್ಕೆ ಬಿದ್ದೊಡನೆ ಛತ್ರಿ ತಿರುಗಿ ಕಮಲದ ಹೂವಾಗುತ್ತಿತ್ತು.

ಆ ಗಾಡಿಯಲ್ಲಿ ಕೂತರೆ ಕೈ ಇಳಿಬಿಟ್ಟು ರಸ್ತೆಯ ಮಣ್ಣು ಮುಟ್ಟಬಹುದಿತ್ತು. ಎದುರಿನಿಂದ ಬರುವ ಎತ್ತುಗಳ ಮುಖ ಕಾಣುತ್ತಿರಲಿಲ್ಲ, ಗಂಗೆದೊಗಲು ಮಾತ್ರ ಕಾಣುತ್ತಿತ್ತು. ಪೆಟ್ರೋಲು, ಬಿಸಿ ಎಣ್ಣೆ, ಕಾದ ತೊಗಲಿನ ಸೀಟು, ಇವುಗಳ ವಾಸನೆ ಬೆರೆತು ತಲೆಗೆ ಏರುತ್ತಿತ್ತು. ಎದುರಿನ ಮರದ ಹಲಗೆಯಲ್ಲಿ ನಾಲ್ಕು ದುಂಡು ಗಡಿಯಾರಗಳು. ವೇಗ ತೋರಿಸುವ ಮುಳ್ಳು ಮೂವತ್ತರಿಂದ ಐವತ್ತರ ನಡುವೆ ಚಳಿ ಬಂದವರ ಹಾಗೆ ನಡುಗುತ್ತಿತ್ತು. ಕಾಕಾ ಅದರ ಕಡೆ ನೋಡುತ್ತಲೇ ಇರಲಿಲ್ಲ.

"ಮುಳ್ಳಿಂದು ಏನ್ ಕೇಳ್ತಿ? ಇಂಜಿನ್ ಕೇಳು" ಎನ್ನುತ್ತಿದ್ದ. "ಕೇಳಿಸ್ತೇನು? ಈಗ ಮೂರನೇ ಗೇರು ಬೇಡಾಕತ್ತೇತಿ."

ನನಗೆ ಕೇಳಿಸುತ್ತಿದ್ದದ್ದು ಗಾಳಿಯ ಸದ್ದು ಮತ್ತು ನನ್ನ ಎದೆಯ ಸದ್ದು, ಎರಡೇ. ಆದರೂ "ಹೂಂ, ಬೇಡಾಕತ್ತೇತಿ" ಎನ್ನುತ್ತಿದ್ದೆ. ಕಾಕಾ ಎಡಗಾಲಿನಿಂದ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಬಲಗಾಲಿನಿಂದ ಒಂದು ಚಿಕ್ಕ ಏಟು ಕೊಟ್ಟು, ಗೇರಿನ ಕೋಲನ್ನು ಎರಡೇ ಬೆರಳಿನಿಂದ ಸರಿಸುತ್ತಿದ್ದ. ಬೆಣ್ಣೆಯಲ್ಲಿ ಚಮಚ ಹೋದ ಹಾಗೆ ಹೋಗುತ್ತಿತ್ತು. ಮುಂದೆ ನಾನು ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದೆ. ಘರ್ಷಣೆ, ವೇಗೋತ್ಕರ್ಷ ಎಲ್ಲವನ್ನೂ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದೆ. ಆದರೆ ಯಾವ ಇಂಜಿನ್ನೂ ನನ್ನ ಹತ್ತಿರ ಯಾವ ಗೇರನ್ನೂ ಬೇಡಲಿಲ್ಲ.

ಕಾಕಾ ನನಗೆ ಕಲಿಸಲು ಪ್ರಯತ್ನಿಸಲಿಲ್ಲವೆಂದಲ್ಲ. ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಗ ಕಾರ್ಖಾನೆಯ ಅಂಗಳದಲ್ಲಿ ನನ್ನನ್ನು ಬಲಗಡೆ ಕೂರಿಸಿದ. ಗಾಡಿ ಮೂರು ಸಲ ಕಪ್ಪೆಯ ಹಾಗೆ ಕುಪ್ಪಳಿಸಿತು. ನಾಲ್ಕನೆಯ ಸಲ ನೇರವಾಗಿ ಹೋಗಿ, ಆಗಷ್ಟೇ ಇಳಿಸಿದ್ದ ಹತ್ತಿಯ ರಾಶಿಯೊಳಗೆ ಹೊಕ್ಕಿತು. ಗಾಡಿಗೂ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಹತ್ತಿಯಿಂದ ನನ್ನನ್ನು ಹೊರಗೆಳೆದಾಗ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿದ್ದವು. "ಅಗದಿ ಮುದುಕ ಆಗೀದಿ ನೋಡು, ಇನ್ನ ಗಾಡಿ ಹೊಡಿಯೂದು ಬ್ಯಾಡ" ಎಂದು ಕಾಕಾ ಕಿಸಕ್ಕನೆ ನಕ್ಕ. ಆ ಬಾಬತ್ತು ಅಲ್ಲಿಗೆ ಮುಗಿಯಿತು. ಆಮೇಲೆ ನಾನು ಸಾದಾ ಕಾರು ಕಲಿತೆ, ಓಡಿಸುತ್ತೇನೆ. ಬೋಳ ಗಾಡಿಯ ಬಲಬದಿಗೆ ಮಾತ್ರ ಹೋಗಲಿಲ್ಲ.

ಈ ಗಾಡಿಗೆ ಕಾಕಾ ತಂದೆಯಾದರೆ ರಾಜೇಸಾಬ ತಾಯಿ. ಗದಗ ರಸ್ತೆಯಲ್ಲಿ ಅವರದು ಚಿಕ್ಕ ಗ್ಯಾರೇಜು. ಟ್ರ್ಯಾಕ್ಟರ್, ಟಂಟಂ, ಏನು ಬಂದರೂ ರಿಪೇರಿ ಮಾಡುತ್ತಾರೆ. ಬೋಳ ಗಾಡಿಯ ಕೆಲಸವನ್ನು ಅವರು ಯಾವ ಪುಸ್ತಕ ನೋಡಿಯೂ ಕಲಿತದ್ದಲ್ಲ. ಕಾಕಾ ಗಾಡಿ ನಿಲ್ಲಿಸಿ, "ರಾಜಾ, ಎಡಗಡೆ ಎರಡನೇ ಸಿಲಿಂಡರದಾಗ ಏನೋ ಟಕ್ ಟಕ್ ಅಂತೈತಿ ನೋಡು" ಎಂದರೆ ಅಲ್ಲೇ ಬಿಚ್ಚುತ್ತಿದ್ದರು. ಅಲ್ಲೇ ಇರುತ್ತಿತ್ತು. "ಸಾವ್ಕಾರ್ರ ಕಿವಿ, ನನ್ನ ಕೈ, ಎರಡೂ ಕೂಡಿದ್ರ ಒಬ್ಬ ಮೆಕ್ಯಾನಿಕ್ ಆಗ್ತಾನ್ರಿ" ಎಂದು ಅವರೇ ಹೇಳುತ್ತಿದ್ದರು. ನಲವತ್ತು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ಯುಗಾದಿ ಆಗಿ ಒಂದು ವಾರಕ್ಕೆ ರಾಜೇಸಾಬ ನಮ್ಮ ಮನೆಗೆ ಬಂದರು. ಕೈಯಲ್ಲಿದ್ದ ಚಹಾ ಆರುತ್ತಿತ್ತು.

"ಸರ್, ಗಾಡಿ ಸಂಬಂಧ ಒಂದು ಮಾತು ಹೇಳಬೇಕಾಗಿತ್ರಿ."

"ಏನಾತ್ರಿ ಗಾಡಿಗೆ?"

"ಗಾಡಿಗೆ ಏನೂ ಆಗಿಲ್ರಿ. ನಿನ್ನೆ ಸಾವ್ಕಾರ್ರು ತಂದು ನಿಂದ್ರಿಸಿದ್ರು. ಇಂಜಿನ್ ತಗಡಿನ ಡಬ್ಬಿ ಬಡದಂಗ ಬಡ್ಕೊಳಾಕತ್ತಿತ್ತು. ಬೀದ್ಯಾಗಿನ ಮಂದಿ ತಿರುಗಿ ನೋಡಾಕತ್ತಿದ್ರು. ಸಾವ್ಕಾರ್ರು ಏನಂದ್ರು ಗೊತ್ತೈತೇನ್ರಿ? 'ರಾಜಾ, ಇವತ್ತ ಅಗದಿ ಮಸ್ತ್ ಹಾಡಾಕತ್ತೇತಿ ನೋಡು' ಅಂದ್ರು." ರಾಜೇಸಾಬ ಕಪ್ಪನ್ನು ಕೆಳಗಿಟ್ಟರು. "ನಾ ಏನಂತ ಹೇಳ್ಲಿರಿ? ಹೌದ್ರಿ ಅಂದೆ."

ನನಗೂ ಅಷ್ಟು ಹೊತ್ತಿಗೆ ಗೊತ್ತಿತ್ತು. ಕಾಕಾ ಫೋನಿನಲ್ಲಿ ಕೇಳದ ಪ್ರಶ್ನೆಗೆಲ್ಲ ಉತ್ತರ ಕೊಡುತ್ತಿದ್ದ. ಟೀವಿಯ ಸದ್ದು ಮೂರು ಮನೆಯಾಚೆಗೆ ಕೇಳುತ್ತಿತ್ತು. ಗಾಡಿಯನ್ನು ಗೇಟಿಗೆ ಒಮ್ಮೆ, ಕಂಬಕ್ಕೆ ಒಮ್ಮೆ ತಾಗಿಸಿದ್ದ. ಚಿಗವ್ವ ನನ್ನನ್ನು ಅಡುಗೆಮನೆಗೆ ಕರೆದು, "ಶಿವಣ್ಣ, ನಾ ಇನ್ನ ಆ ಗಾಡ್ಯಾಗ ಕುಂದ್ರಂಗಿಲ್ಲಪ. ನನ್ನ ಜೀವದ ಸಂಬಂಧ ಅಲ್ಲ. ಹಾದ್ಯಾಗ ಯಾರಿಗರೆ ಏನರೆ ಆದ್ರ ಇವ್ರು ಉಳಿಯಂಗಿಲ್ಲ. ನೀ ಹೇಳು, ನಿನ್ನ ಮಾತು ಕೇಳ್ತಾರ" ಎಂದಿದ್ದಳು.

ಮೂರು ಸಲ ಹೇಳಲೆಂದು ಹೋದೆ. ಒಂದು ಸಲ ಗಾಡಿ ಒರೆಸುತ್ತಿದ್ದ. ಒಂದು ಸಲ ಸ್ಟೇರಿಂಗಿನ ಮರಕ್ಕೆ ಎಣ್ಣೆ ಹಚ್ಚುತ್ತಿದ್ದ. ಮೂರನೆಯ ಸಲ ಏನೂ ಮಾಡುತ್ತಿರಲಿಲ್ಲ, ಬಂದವನನ್ನು ನೋಡಿ, "ಬಾ ಶಿವ್ಯಾ, ಒಂದು ರೌಂಡ್ ಹೋಗೂಣು" ಎಂದ. ಮೂರು ಸಲವೂ ಚಹಾ ಕುಡಿದು ಬಂದೆ. ಮೂವತ್ತು ವರ್ಷ ನೂರಾರು ಹುಡುಗರ ಎದುರು ನಿಂತು ಗಂಟಲು ಹರಿಯುವಂತೆ ಮಾತಾಡಿದವನಿಗೆ ಒಬ್ಬ ಮುದುಕನ ಎದುರು ಒಂದು ವಾಕ್ಯ ಹೊರಡಲಿಲ್ಲ.

ಕೊನೆಗೆ ರಾಜೇಸಾಬ ಮತ್ತು ನಾನು ಕೂಡಿ ಒಂದು ಹೇಡಿಗಳ ಉಪಾಯ ಮಾಡಿದೆವು. ಹಳೆಯ ಗಾಡಿಯ ಇಂಜಿನ್ನಿನಲ್ಲಿ ಒಂದು ಕರಿ ಟೋಪಿ ಇರುತ್ತದೆ. ಅದರ ಕೆಳಗೆ ಹೆಬ್ಬೆರಳ ಗಾತ್ರದ ಒಂದು ತುಂಡು ತಿರುಗುತ್ತ, ಪ್ರತಿ ಸಿಲಿಂಡರಿಗೂ ಸರದಿಯ ಪ್ರಕಾರ ಕಿಡಿ ಹಂಚುತ್ತದೆ. ರೋಟರ್ ಅನ್ನುತ್ತಾರೆ. ಅದನ್ನು ತೆಗೆದುಬಿಟ್ಟರೆ ಗಾಡಿ ಏನು ಮಾಡಿದರೂ ಚಾಲೂ ಆಗುವುದಿಲ್ಲ, ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದೂ ಇಲ್ಲ. ರಾಜೇಸಾಬ ಅದನ್ನು ಬಿಚ್ಚಿ, ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ ತಮ್ಮ ಗ್ಯಾರೇಜಿನ ಗೂಡಿನಲ್ಲಿಟ್ಟರು. ಕಾಕಾನಿಗೆ, "ಒಂದು ಸಾಮಾನು ಸುಟ್ಟೈತ್ರಿ ಸಾವ್ಕಾರ್ರ, ವಿಲಾಯತಿಯಿಂದ ಬರಬೇಕು, ತಡಾ ಆಕ್ಕೈತಿ" ಎಂದು ಹೇಳಿದರು. ನಾನು ಪಕ್ಕದಲ್ಲಿ ನಿಂತು, "ಈಗ ಹಡಗದಾಗ ಬರೂದು ಭಾಳ ತಡಾ ಕಾಕಾ" ಎಂದು ಒಗ್ಗರಣೆ ಹಾಕಿದೆ.

ಎಂಟು ತಿಂಗಳು. ಕಾಕಾ ದಿನಾ ಬೆಳಿಗ್ಗೆ ಗಾಡಿಯ ಧೂಳು ಒರೆಸುವುದನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಗ್ಯಾರೇಜಿಗೆ ನಡೆದು ಹೋಗಿ, "ಬಂತೇನೋ ರಾಜಾ?" ಎಂದು ಕೇಳಿ ಬರುತ್ತಿದ್ದ. ರಾಜೇಸಾಬ, "ಇನ್ನೂ ಇಲ್ರಿ" ಎನ್ನುತ್ತಿದ್ದರು. ಅದೇ ಗೂಡಿನ ಕೆಳಗೆ ಸ್ಟೂಲಿನ ಮೇಲೆ ಕಾಕಾ ಕೂತು ಚಹಾ ಕುಡಿದು ಹೋಗುತ್ತಿದ್ದ. "ಸರ್, ನನಗ ಅನ್ನ ಸೇರವಲ್ದು" ಎಂದು ರಾಜೇಸಾಬ ಒಮ್ಮೆ ಹೇಳಿದರು. ನನಗೆ ಅನ್ನ ಸೇರುತ್ತಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಚಳಿಗಾಲದಲ್ಲಿ ಅಳಿಯ ಹೊಸ ಕಾರು ತಗೊಂಡ. ಅದೂ ಸ್ಪೋರ್ಟ್ಸ್ ಕಾರೇ. ಬೂದು ಬಣ್ಣ, ನೆಲಕ್ಕೆ ಹತ್ತಿದ ಹೊಟ್ಟೆ. ಒಂದು ರವಿವಾರ ಬೆಳಿಗ್ಗೆ ಕಾಕಾನಿಗೆ ತೋರಿಸಲೆಂದೇ ಹುಬ್ಬಳ್ಳಿಯಿಂದ ತಂದ. ಬಾಗಿಲಿಗೆ ಹಿಡಿಕೆಯೇ ಇರಲಿಲ್ಲ. ನಾನು ಎರಡು ಸಲ ಬಾಗಿಲನ್ನು ಸವರಿ ಹುಡುಕಿದೆ. ವಿನಯ ಹತ್ತಿರ ಬಂದೊಡನೆ ಹಿಡಿಕೆ ತಾನಾಗಿ ಹೊರಗೆ ಬಂತು. ಒಳಗೆ ಒಂದೂ ಮುಳ್ಳಿಲ್ಲ, ಈ ತುದಿಯಿಂದ ಆ ತುದಿಯವರೆಗೆ ಗಾಜಿನ ಪರದೆ. ಮುಂದೆ ಎರಡು ಸಿಂಹಾಸನದಂಥ ಸೀಟು. ಹಿಂದೆಯೂ ಎರಡಿದ್ದವು, ಆದರೆ ಅವನ್ನು ಕಾಲಿಲ್ಲದವರಿಗಾಗಿ ಮಾಡಿದಂತಿತ್ತು. ನನ್ನನ್ನು ಅಲ್ಲಿ ಮಡಚಿ ಇಟ್ಟರು.

ಮೊದಲು ವಿನಯನೇ ಓಡಿಸಿದ. ಕಾಕಾ ಪಕ್ಕದಲ್ಲಿ. ನವಲಗುಂದ ರಸ್ತೆಗೆ ಬಂದೊಡನೆ ವಿನಯ ಪರದೆಯ ಮೇಲೆ ಏನೋ ಒತ್ತಿದ. ಕಾರಿನೊಳಗೆ ಹುಲಿಯ ಗರ್ಜನೆಯಂಥ ಸದ್ದು ತುಂಬಿತು. ಅದು ಕಾಕಾನಿಗೂ ಕೇಳಿಸಿರಬೇಕು, ಸೀಟೇ ಅದುರುತ್ತಿತ್ತು.

"ಏನಿದು ಸಪ್ಪಳ, ಇಂಜಿನ್ನಿಂದೇನು?"

ವಿನಯ ಪ್ರಾಮಾಣಿಕ ಹುಡುಗ. "ಇಲ್ರಿ ಅಜ್ಜಾರ, ಇಂಜಿನ್ ಸಪ್ಪಳ ಭಾಳ ಸಣ್ಣದೈತಿ, ಕೇಳಸಂಗಿಲ್ಲ. ಈ ಸಪ್ಪಳ ಸ್ಪೀಕರದಾಗಿಂದ ಬರ್ತೈತ್ರಿ. ಬ್ಯಾಡಂದ್ರ ಬಂದ್ ಮಾಡಬಹುದು" ಎಂದು ಕಾಕಾನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದ.

ಕಾಕಾ ನಕ್ಕ ನಗೆಗೆ ಕಣ್ಣಲ್ಲಿ ನೀರು ಬಂತು. "ಲೇ ಶಿವ್ಯಾ, ಕೇಳಿದೇನೋ? ಸುಳ್ಳು ಸಪ್ಪಳ! ಟೇಪಿನ ಮ್ಯಾಗ ಹುಲಿ! ನನ್ನ ಗಾಡಿ ಹಾಳಾತು, ಮುರೀತು, ಸುಟ್ಟಿತು, ಸುಳ್ಳ ಒಂದ್ ಹೇಳಿಲ್ಲ."

ನಾನು ಹಿಂದೆ ಮಡಚಿಕೊಂಡು ಕೂತವನು ಕಿಟಕಿಯ ಹೊರಗೆ ನೋಡಿದೆ. ಅವನ ಸುಳ್ಳು ಹೇಳದ ಗಾಡಿಗೆ ನಾವು ಎಂಟು ತಿಂಗಳ ಹಿಂದೆಯೇ ಸುಳ್ಳು ಕಲಿಸಿದ್ದೆವು.

ಒಂದಿಷ್ಟು ದೂರ ಹೋದ ಮೇಲೆ ವಿನಯ ಕಾರು ನಿಲ್ಲಿಸಿ ಇಳಿದ. "ಅಜ್ಜಾರ, ಬರ್ರಿ, ಈಗ ನೀವು ಹೊಡೀರಿ. ನಿಮ್ಮಂಥಾ ಡ್ರೈವರು ಕೈ ಹಚ್ಚಿದ್ರ ನನ್ನ ಗಾಡಿಗೂ ಒಂದು ಮರ್ಯಾದಿ."

ಅವನಿಗೆ ಏನೂ ಗೊತ್ತಿರಲಿಲ್ಲ. ಗಾಡಿಯ ಸಾಮಾನು ಹಡಗಿನಲ್ಲಿ ಬರುತ್ತಿದೆ ಎಂದು ಅವನಿಗೂ ನಾನೇ ಹೇಳಿದ್ದೆ. ಕಿವಿ ಮಂದವೆಂದು ತಿಳಿದಿದ್ದ, ಅಷ್ಟೇ. ಆ ಗಳಿಗೆಯಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. 'ಬೇಡ' ಎಂದರೆ ಯಾಕೆಂದು ಕೇಳುತ್ತಿದ್ದರು. ಯಾಕೆಂದು ಹೇಳಿದರೆ ಎಲ್ಲವೂ ಹೊರಗೆ ಬರುತ್ತಿತ್ತು. ಕಾಕಾ ಅಷ್ಟರಲ್ಲಿ ಬಲಗಡೆಗೆ ಬಂದು ಕೂತಾಗಿತ್ತು. ಒಳಗಿನ ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಹತ್ತಿ ನೋಡುವಾಗಿನ ಮುಖ, ಅರ್ಧ ಕಣ್ಣು ಮುಚ್ಚಿದ್ದು. ಎಂಟು ತಿಂಗಳ ಮೇಲೆ ಅದನ್ನು ನೋಡಿದೆ.

ಚೆನ್ನಾಗಿಯೇ ಓಡಿಸಿದ. ಗೇರಿಲ್ಲದ ಕಾರಿನಲ್ಲಿ ಅವನ ಎಡಗಾಲು ಸುಮ್ಮನೆ ಎರಡು ಸಲ ನೆಲ ಒತ್ತುತ್ತಿದ್ದದ್ದನ್ನು ನೋಡಿ ನಾನು ಒಳಗೊಳಗೇ ಸಮಾಧಾನಪಟ್ಟೆ. ಈ ಮನೆತನದಲ್ಲಿ ಇಲ್ಲದ ಪೆಡಲ್ ಒತ್ತುವವನು ನಾನೊಬ್ಬನೇ ಅಲ್ಲ.

ಮುಂದೆ ರಸ್ತೆಯ ಎಡಬದಿಗೆ ಹತ್ತಿ ತುಂಬಿದ ಒಂದು ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಹತ್ತಿರ ಬಂದಾಗ ಅದರ ಹಿಂದಿನಿಂದ ಯಾರೋ ಕೂಗಿದ್ದು ನನಗೆ ಕೇಳಿಸಿತು. "ತಡೀರೋ, ತಡೀರಿ!" ಹೆಂಗಸಿನ ಧ್ವನಿ. ಕಾಕಾನ ಮುಖ ಕದಲಲಿಲ್ಲ. ಮರುಕ್ಷಣ ಒಂದು ಆಡು ರಸ್ತೆಗೆ ಜಿಗಿಯಿತು. ಅದರ ಹಗ್ಗ ಹಿಡಿದು ಒಬ್ಬ ಹೆಂಗಸು ಅದರ ಹಿಂದೆಯೇ ಬಂದಳು.

ನನ್ನ ಬಲಗಾಲು ಮುಂದಿನ ಸೀಟಿನ ಬೆನ್ನಿಗೆ ಹೋಗಿ ಒತ್ತಿತು. ವಿನಯ "ಅಜ್ಜಾರ!" ಎಂದ. ಕಾರು ತಾನೇ ಕಿರ್ರೆಂದು ಕೂಗಿ, ಮೂಗು ನೆಲಕ್ಕೆ ಬಾಗಿಸಿ, ನಿಂತುಬಿಟ್ಟಿತು. ಬೆಲ್ಟು ಎದೆಗೆ ಬಿಗಿಯಿತು. ಪರದೆಯ ತುಂಬ ಕೆಂಪು ದೀಪ. ಆ ಹೆಂಗಸಿನ ಸೀರೆಗೂ ಕಾರಿನ ಮೂತಿಗೂ ನಡುವೆ ಒಂದು ಮಾರು ಜಾಗ ಇತ್ತೋ ಇಲ್ಲವೋ.

ಅವಳು ಮೊದಲು ಆಡನ್ನು ನೋಡಿದಳು, ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು, ಆಮೇಲೆ ಕಾಕಾನ ಕಿಟಕಿಗೆ ಬಂದಳು. ಕಾಕಾ ಗಾಜು ಇಳಿಸುವ ಹಿಡಿಕೆ ಹುಡುಕುತ್ತಿದ್ದ. ವಿನಯನೇ ಒತ್ತಿ ಇಳಿಸಿದ.

"ಏ ಯಜ್ಜಾ! ಕಿವಿ ಕೇಳಸಂಗಿಲ್ಲೇನು ನಿನಗ? ಹೊಯ್ಕೊಂಡೆ ಹೊಯ್ಕೊಂಡೆ, ಊರೆಲ್ಲ ಕೇಳಿತು! ಮನ್ಯಾಗ ಮಕ್ಕಳಿಲ್ಲೇನು ನಿನಗ ಹೇಳವ್ರು?"

ಕಾಕಾ ಅವಳ ಮುಖವನ್ನೇ ನೋಡುತ್ತಿದ್ದ. ಪ್ರತಿ ಮಾತನ್ನೂ ತುಟಿಯ ಮೇಲೆ ಓದುತ್ತಿರುವಂತಿತ್ತು. "ತಪ್ಪಾತವ್ವಾ" ಎಂದ. "ಹೌದು, ಕೇಳಸಂಗಿಲ್ಲ."

ಅವಳ ಸಿಟ್ಟು ಅಲ್ಲಿಗೇ ನಿಂತಿತು. ಆಡಿನ ಕಿವಿ ಹಿಂಡಿ, "ನಡಿ" ಎಂದು ಎಳೆದುಕೊಂಡು ಹೋದಳು. ಕಾಕಾ ಇಳಿದು, ಕಾರಿಗೆ ಬೆನ್ನು ಕೊಟ್ಟು ಬಹಳ ಹೊತ್ತು ನಿಂತ. ನಾನು ಹಿಂದಿನಿಂದ ತೆವಳಿ ಹೊರಗೆ ಬಂದೆ.

"ಶಿವ್ಯಾ" ಎಂದ. "ಆ ಹೆಣಮಗಳು ನನಗ ಕಂಡಿದ್ಲು. ಕಣ್ಣು ಛಲೋ ಅದಾವ. ಬ್ರೇಕ್ ಒತ್ತಬೇಕಂತ ಕಾಲೂ ಎತ್ತಿದ್ದೆ. ಎತ್ತಿ ಇಡೂದ್ರಾಗ ಪೆಡ್ಲು ತಾನ ಕೆಳಗ ಹೋಗಿತ್ತು. ನನ್ನ ಕಾಲಿನ್ನೂ ಹಾದ್ಯಾಗಿತ್ತು." ತಿರುಗಿ ಬೂದು ಬಾನೆಟ್ಟಿನ ಕಡೆ ನೋಡಿದ. "ನನ್ನ ಗಾಡಿ ಆಗಿದ್ರ, ಅದು ನನ್ನ ಕಾಲಿನ ಹಾದಿ ಕಾಯ್ತಿತ್ತು."

ವಿನಯ ನಮ್ಮನ್ನು ಮನೆಗೆ ಕರೆತಂದ. ಹುಲಿಯ ಸದ್ದನ್ನು ಅವನೇ ಬಂದ್ ಮಾಡಿದ್ದ. ದಾರಿಯುದ್ದಕ್ಕೂ ನನಗೊಂದೇ ಯೋಚನೆ. ನಾನು ಮೂರು ಸಲ ಹೋಗಿ ಹೇಳಲಾರದ್ದನ್ನು ಒಂದು ಪರಿಚಯವಿಲ್ಲದ ಹೆಂಗಸು ಮತ್ತು ಅಪ್ಪ ಅಮ್ಮ ಇಲ್ಲದ ಒಂದು ಯಂತ್ರ, ಇಬ್ಬರೂ ಕೂಡಿ ಒಂದೇ ನಿಮಿಷದಲ್ಲಿ ಹೇಳಿಬಿಟ್ಟರು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ ಎಂದು ನಾವು ದೂರುತ್ತೇವೆ. ನನಗೆ ಆ ದಿನ ನನ್ನ ದಾಕ್ಷಿಣ್ಯದ ಮೇಲೆಯೇ ಅಸಹ್ಯ ಬಂತು. ಆ ಕಾರು ಒಂದು ಮಾರು ತಡ ಮಾಡಿದ್ದರೆ ಆ ಹೆಂಗಸಿನ ಮನೆಯವರ ಎದುರು ಹೋಗಿ ನನ್ನ ದಾಕ್ಷಿಣ್ಯದ ಕತೆ ಹೇಳಬೇಕಾಗಿತ್ತು.

ಮನೆಗೆ ಬಂದು ಕಾಕಾ ಕಟ್ಟೆಯ ಮೇಲೆ ಕೂತ. ಚಿಗವ್ವ ನೀರು ಕೊಟ್ಟಳು, ಕುಡಿದ. ಆಮೇಲೆ ನನ್ನ ಕಡೆ ತಿರುಗಿ, "ರಾಜೇಸಾಬಗ ಫೋನ್ ಮಾಡು. ರೋಟರ್ ತಗೊಂಡು ಬಾ ಅನ್ನು" ಎಂದ.

"ಯಾವ ರೋಟರ್ ಕಾಕಾ?"

"ಹಡಗದಾಗ ಬರಾಕತ್ತೇತಲ್ಲ, ಅದ."

ರಾಜೇಸಾಬ ಹದಿನೈದು ನಿಮಿಷದಲ್ಲಿ ಬಂದರು. ಬನಿಯನ್ ಬಟ್ಟೆಯ ಗಂಟನ್ನು ಕಟ್ಟೆಯ ಮೇಲೆ ಇಟ್ಟು, ಕೈ ಕಟ್ಟಿ ನಿಂತರು. ಕಾಕಾ ಗಂಟು ಬಿಚ್ಚಿ, ತುಂಡನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದ.

"ಮೊದಲನೇ ದಿನಾನ ಟೋಪಿ ತಗದು ನೋಡೀನಿ ರಾಜಾ. ಸುಟ್ಟ ಸಾಮಾನು ಕರ್ರಗಾಗಿ ಅಲ್ಲೇ ಇರ್ತೈತಿ. ರೆಕ್ಕಿ ಬಂದು ಹಾರಿ ಹೋಗಂಗಿಲ್ಲ."

"ಮಾಫ್ ಮಾಡ್ರಿ ಸಾವ್ಕಾರ್ರ" ಎಂದರು ರಾಜೇಸಾಬ.

"ಗೊತ್ತಿದ್ರ ವಾರಾ ವಾರಾ ಯಾಕ ಕೇಳಾಕ ಹೋಗ್ತಿದ್ದಿ ಕಾಕಾ?" ಎಂದೆ ನಾನು. ಅವನ ಕಿವಿಯ ಹತ್ತಿರ ಹೋಗಿ ಎರಡು ಸಲ ಹೇಳಬೇಕಾಯಿತು.

ಕಾಕಾ ತುಂಡನ್ನು ಮತ್ತೆ ಬಟ್ಟೆಯ ಮೇಲಿಟ್ಟ. "ನಿಮ್ಮಾಗ ಯಾರರೆ ಒಬ್ರು ಮಾರಿ ನೋಡಿ ಹೇಳ್ತೀರೇನೋ ಅಂತ ಹೋಗ್ತಿದ್ದೆ" ಎಂದ. ಆಮೇಲೆ ತಾನೇ ತಲೆ ಅಲ್ಲಾಡಿಸಿದ. "ಇಲ್ಲ, ಅದೂ ಖರೇ ಅಲ್ಲ. ಎಲ್ಲಿ ಹೇಳಿಬಿಡ್ತೀರೋ ಅಂತ ಅಂಜಿಕಿನೂ ಇತ್ತು. ರಾಜಾ 'ಇನ್ನೂ ಬಂದಿಲ್ರಿ' ಅಂದಾಗೆಲ್ಲ, ಹಾಂ, ಇನ್ನೊಂದು ವಾರ ಡ್ರೈವರ್ ಇರಬಹುದು ಅನಸ್ತಿತ್ತು."

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ವಿನಯ ತನ್ನ ಹೊಸ ಕಾರಿನ ಬೀಗದ ಕೈಯನ್ನು ಕಿಸೆಯೊಳಗೆ ಹಾಕಿ ತಲೆ ತಗ್ಗಿಸಿದ್ದ. ಅವನು ಮಾಡಿದ ತಪ್ಪು ಏನೂ ಇರಲಿಲ್ಲ.

ರಾಜೇಸಾಬ ರೋಟರ್ ಕೂರಿಸಲು ಐದು ನಿಮಿಷ ಬೇಕಾಯಿತು. ತಿಂಗಳುಗಟ್ಟಲೆ ನಿಂತ ಗಾಡಿಗೆ ಬ್ಯಾಟರಿ, ಪೆಟ್ರೋಲು ಎಂದು ಮಧ್ಯಾಹ್ನ ಕಳೆಯಿತು. ಚಾಲೂ ಆದಾಗ ತಗಡಿನ ಡಬ್ಬಿಯ ಸದ್ದೇ ಬಂತು. ಅವರು ಬಾಗಿ, ತಮ್ಮ ಕಿವಿಯಿಂದಲೇ ಕೇಳಿ, ಒಂದೊಂದೇ ಸ್ಕ್ರೂ ತಿರುಗಿಸಿ ಸರಿಮಾಡಿದರು. ಕಾಕಾ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತಿದ್ದ. "ಈಗ ಸರಿ ಆತು" ಎಂದ. ರಾಜೇಸಾಬ ತಲೆಯೆತ್ತಿ ನನ್ನನ್ನು ನೋಡಿದರು. ನಿಜವಾಗಿಯೂ ಅದೇ ಗಳಿಗೆಯಲ್ಲಿ ಸರಿಯಾಗಿತ್ತು.

ಆಮೇಲೆ ಕಾಕಾ ಗಾಡಿಯ ಎಡಬದಿಗೆ ನಡೆದು ಹೋಗಿ ಬಾಗಿಲು ತೆಗೆದು ಕೂತ. "ಶಿವ್ಯಾ, ಹತ್ತು."

"ಕಾಕಾ, ನನಗ ಇದು ಬರಂಗಿಲ್ಲ. ಗೊತ್ತೈತಲ್ಲ ನಿನಗ."

"ಅರವತ್ತೆರಡು ಆದ್ವು ನಿನಗ. ಯಾವಾಗ ಕಲೀತಿ ಮತ್ತ?"

ಹತ್ತಿದೆ. ಗೇರು ಬೀಳುವಾಗ ಕಲ್ಲು ಅರೆದ ಹಾಗೆ ಸದ್ದಾಯಿತು. ಅದು ಅವನಿಗೆ ಕೇಳಿಸಲಿಲ್ಲ, ಆದರೆ ಪಾದದ ಕೆಳಗಿನ ಹಲಗೆಯಿಂದ ತಿಳಿದು ಮುಖ ಹಿಂಡಿದ. "ಸಿಟ್ಟು ಮಾಡಬ್ಯಾಡ ಅದರ ಮ್ಯಾಗ. ಕಾಲು ತಗದು, ಮತ್ತ ಒತ್ತು. ಹಾಂ. ಈಗ ಕೇಳು ಅದನ್ನ." ಮೂರನೆಯ ಸಲಕ್ಕೆ ಸರಿಯಾಗಿ ಬಿತ್ತು. ನವಲಗುಂದ ರಸ್ತೆಗೆ ಬಂದೆವು. ಎರಡೂ ಬದಿಗೆ ಎರೆಹೊಲ, ಕಡಲೆ ಮೊಣಕಾಲೆತ್ತರ ಬಂದಿತ್ತು, ಅದರಾಚೆಗೆ ಬಿಳಿಜೋಳ. ನನ್ನ ಬೆನ್ನು ಬೆವರಿನಿಂದ ಅಂಗಿಗೆ ಹತ್ತಿತ್ತು. ನಾನು ಇಂಜಿನ್ನನ್ನು ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ಒಂದು ಕಡೆ ಅದರ ಧ್ವನಿ ಏರಿ, ತಡೆದು, ಏನೋ ಬೇಕೆನ್ನುವ ಹಾಗೆ ಆಯಿತು. ನಾನು ಮೂರನೇ ಗೇರು ಹಾಕಿದೆ.

ಕಾಕಾ ಏನಾದರೂ ಹೇಳುತ್ತಾನೆಂದು ತಿರುಗಿ ನೋಡಿದೆ. ಅವನು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಹೊಲಗಳ ಕಡೆ ಮುಖ ಮಾಡಿ ಕೂತಿದ್ದ. ಗಾಳಿಗೆ ಅವನ ಬಿಳಿ ಕೂದಲು ಎದ್ದು ನಿಂತಿತ್ತು.

"ಇದು ಯಾರ ಹೊಲಾನೋ?" ಎಂದು ಕೇಳಿದ. "ಬಾಂವಿ ಯಾವಾಗ ತಗದಾರ? ಈ ಬೇವಿನ ಗಿಡ ಮೊದಲಿಂದ ಇತ್ತೇನು?"

ಐವತ್ತು ವರ್ಷ ಆ ರಸ್ತೆಯ ಒಂದೊಂದು ತಗ್ಗನ್ನೂ ಬಲ್ಲವನು ಅವನು. ಅಕ್ಕಪಕ್ಕ ನೋಡಲು ಅವನಿಗೆ ಪುರಸತ್ತೇ ಇರಲಿಲ್ಲ. ನನಗೂ ಯಾರ ಹೊಲವೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಕಾಕಾ ಎಂದು ಕೈಸನ್ನೆ ಮಾಡಿದೆ.

"ಹಂಗಾರ ಸಾವಕಾಶ ಹೊಡಿ" ಎಂದ. "ನೋಡೂಣು."